ಸಂಬಳದ ದಿನದ ದಾನ

ದಾನದ ಹಿರಿಮೆಯನ್ನು ಹೇಳದ ಕಾವ್ಯವಾಗಲಿ ಶಾಸನವಾಗಲಿ ಕನ್ನಡದಲ್ಲಿ ಅಪರೂಪ. ಕೆರೆ ಕಟ್ಟಿಸಿದವರ, ಅರವಟ್ಟಿಗೆ ಇಡಿಸಿದವರ, ಭೂಮಿಯನ್ನು ಧಾರೆಯೆರೆದು ಕೊಟ್ಟವರ ಹೆಸರುಗಳು ಕಲ್ಲಿನ ಮೇಲೆ ಇಂದಿಗೂ ಉಳಿದಿವೆ. ಆದರೆ ಕಾಲ ಬದಲಾದಂತೆ ದಾನಿಯೂ ಬದಲಾಗಿದ್ದಾನೆ. ಇಂದು ನಾಡಿನಲ್ಲಿ ನೆರೆ ಬಂದಾಗ, ಬರ ಬಿದ್ದಾಗ, ಮೊದಲು ಕೈ ಚಾಚುವುದು ಅರಸನ ಭಂಡಾರದತ್ತ ಅಲ್ಲ. ತಿಂಗಳ ಕೊನೆಗೆ ಸಂಬಳ ಎಣಿಸುವ ಶಿಕ್ಷಕ, ಗುಮಾಸ್ತ, ಕಾರ್ಖಾನೆಯ ಕೆಲಸಗಾರ ಇವರತ್ತ. ಇವರ ಹೆಸರು ಕಲ್ಲಿನ ಮೇಲೆ ಇಲ್ಲ. ಕಚೇರಿಯ ವಂತಿಗೆ ಪಟ್ಟಿಯಲ್ಲಿದೆ. ಆ ಪಟ್ಟಿಯ ಮುಂದೆ ನಡೆಯುವುದು ದಾನವೋ, ಅಥವಾ ದಾನದ ವೇಷ ತೊಟ್ಟ ತೆರಿಗೆಯೋ ಎಂಬ ಪ್ರಶ್ನೆಯನ್ನು ಈ ವಾರ ವಾಚಕರ ಮುಂದಿಡುವುದು ಅನುಚಿತವಾಗಲಾರದೆಂದು ನಾವು ಭಾವಿಸುತ್ತೇವೆ.

ಈ ಪ್ರಶ್ನೆಯನ್ನು ಕೇಳಲು ತುಮಕೂರು ಸೀಮೆಗಿಂತ ತಕ್ಕ ನೆಲ ಬೇರೆ ಇಲ್ಲ. ಕೊಡುವುದು ಇಲ್ಲಿನ ಮಣ್ಣಿನ ಗುಣ. ಸಿದ್ಧಗಂಗೆಯ ಮಠದಲ್ಲಿ ಶ್ರೀ ಶಿವಕುಮಾರ ಸ್ವಾಮಿಗಳ (1907–2019) ಆಶ್ರಯದಲ್ಲಿ ಜಾತಿ ಮತಗಳ ಭೇದವಿಲ್ಲದೆ ಹತ್ತು ಸಾವಿರದಷ್ಟು ಮಕ್ಕಳು ಏಕಕಾಲಕ್ಕೆ ಅನ್ನ, ವಸತಿ, ವಿದ್ಯೆ ಪಡೆದರು. ಆ ಒಲೆಗೆ ಬಿದ್ದ ಸೌದೆ, ಆ ಕೊಪ್ಪರಿಗೆಗೆ ಬಿದ್ದ ಧಾನ್ಯ ಒಬ್ಬ ಧನಿಕನದಲ್ಲ. ಮಳೆಯಾದ ವರ್ಷ ಮೂಟೆ, ಆಗದ ವರ್ಷ ಮೊರ ಎಂಬಂತೆ ಸುತ್ತಣ ಹಳ್ಳಿಗಳು ಕೊಟ್ಟದ್ದು. ಕುಣಿಗಲ್ ತಾಲ್ಲೂಕಿನ ಎಡೆಯೂರಿನಲ್ಲಿ ತೋಂಟದ ಸಿದ್ಧಲಿಂಗರ ಸನ್ನಿಧಿಯಲ್ಲಿಯೂ ದಾಸೋಹದ ಪಂಕ್ತಿ ನಡೆದು ಬಂದಿದೆ. ಗುಬ್ಬಿಯಾದರೋ 1884ರಲ್ಲಿ ಹುಟ್ಟಿದ ಶ್ರೀ ಚನ್ನಬಸವೇಶ್ವರ ನಾಟಕ ಸಂಘದ ತವರು. ವೃತ್ತಿನಾಟಕದ ಆ ಯುಗದಲ್ಲಿ ಕಂಪನಿಗಳು ಊರಿನ ಶಾಲೆಗೋ ಛತ್ರಕ್ಕೋ ಒಂದು ರಾತ್ರಿಯ ಗಲ್ಲಾವನ್ನು ಬಿಟ್ಟುಕೊಟ್ಟು 'ಸಹಾಯಾರ್ಥ' ಆಟ ಆಡುತ್ತಿದ್ದುದನ್ನು ಹಿರಿಯರು ಮರೆತಿಲ್ಲ. ದುಡಿಯುವ ಜಾಗದಿಂದಲೇ, ದುಡಿಮೆಯ ಮೂಲಕವೇ, ಲೋಕಕ್ಕೆ ಕೊಡುವ ದಾರಿ ಅದು.

ಈಗ ಅದೇ ಸೀಮೆಯಲ್ಲಿ ದುಡಿಯುವ ಜಾಗಗಳ ರೂಪ ಬೇರೆಯಾಗಿದೆ. ಹಿರೇಹಳ್ಳಿ, ಅಂತರಸನಹಳ್ಳಿ, ವಸಂತನರಸಾಪುರಗಳಲ್ಲಿ ಕಾರ್ಖಾನೆಗಳ ಸಾಲು. ಕುಣಿಗಲ್ಲಿನ ಅಂಚೆಪಾಳ್ಯದಲ್ಲಿ ಕೈಗಾರಿಕಾ ಪ್ರದೇಶ. ಗುಬ್ಬಿ ತಾಲ್ಲೂಕಿನ ಬಿದರೆಹಳ್ಳ ಕಾವಲಿನಲ್ಲಿ 615 ಎಕರೆಗಳ ಮೇಲೆ 2023ರ ಫೆಬ್ರವರಿ 6ರಂದು ಉದ್ಘಾಟನೆಯಾದ ಹೆಲಿಕಾಪ್ಟರ್ ಕಾರ್ಖಾನೆ. ಇವುಗಳ ಜೊತೆಗೆ ಸರ್ಕಾರಿ ಕಚೇರಿಗಳು, ಶಾಲೆ ಕಾಲೇಜುಗಳು. ಜಾತ್ರೆಯ ಹುಂಡಿಯ ಮುಂದೆ ನಿಂತವನಿಗೂ ಇಲ್ಲಿ ನಿಂತವನಿಗೂ ಒಂದು ವ್ಯತ್ಯಾಸವುಂಟು. ಹುಂಡಿಯ ಮುಂದೆ ಅವನು ಬರಿಯ ಭಕ್ತ. ಹಾಕಿದರೂ ಕೇಳುವವರಿಲ್ಲ, ಹಾಕದಿದ್ದರೂ ಕೇಳುವವರಿಲ್ಲ. ಕಚೇರಿಯಲ್ಲಿ ಪಟ್ಟಿಯನ್ನು ಹಿಡಿದು ಬರುವವನು ರಜೆ ಮಂಜೂರು ಮಾಡುವ ಅಧಿಕಾರಿಯಾಗಿರಬಹುದು, ಪಾಳಿ ಹಂಚುವ ಮೇಸ್ತ್ರಿಯಾಗಿರಬಹುದು. ತನಗಿಂತ ಮೇಲೆ ಸಹಿ ಹಾಕಿದವರು ಎಷ್ಟು ಬರೆದಿದ್ದಾರೆಂಬುದು ಕಣ್ಣಿಗೆ ಬೀಳುತ್ತದೆ. ಅಲ್ಲಿ 'ಇಲ್ಲ' ಎನ್ನಲು ನಾಲಗೆ ಏಳುವುದು ಕಷ್ಟ. ನಾಲಗೆ ಏಳದ ಕಡೆ ಕೈ ಕೊಟ್ಟದ್ದನ್ನು ದಾನವೆಂದು ಕರೆಯಬಹುದೇ?

ಇದು ಬರಿಯ ತರ್ಕವಲ್ಲ. ಮೊನ್ನೆ ಮೊನ್ನೆಯ ಎರಡು ಪ್ರಸಂಗಗಳನ್ನು ನೋಡಬಹುದು. 2018ರ ಮಹಾಪ್ರವಾಹದ ತರುವಾಯ ನೆರೆಯ ಕೇರಳ ಸರ್ಕಾರವು ತನ್ನ ನೌಕರರಿಂದ ಒಂದು ತಿಂಗಳ ಸಂಬಳವನ್ನು ಕಂತುಗಳಲ್ಲಿ ಬೇಡಿತು. ಕೊಡಲೊಲ್ಲದವರು ಹಾಗೆಂದು ಬರೆದುಕೊಡಬೇಕೆಂದು ವಿಧಿಸಿತು. ಬರೆದುಕೊಡಬೇಕೆಂಬ ಆ ಷರತ್ತಿಗೆ ಅಲ್ಲಿನ ಉಚ್ಚ ನ್ಯಾಯಾಲಯ ಅಕ್ಟೋಬರಿನಲ್ಲಿ ತಡೆ ಕೊಟ್ಟಿತು. ಸರ್ಕಾರ ಸರ್ವೋಚ್ಚ ನ್ಯಾಯಾಲಯದ ಮೆಟ್ಟಿಲೇರಿದರೂ ಅದೇ ತಿಂಗಳ 29ರಂದು ಅದರ ಕೋರಿಕೆ ತಿರಸ್ಕೃತವಾಯಿತು. ಕೊಡದವನು ತನ್ನ ಬಡತನವನ್ನೋ ಭಿನ್ನಾಭಿಪ್ರಾಯವನ್ನೋ ಕಾಗದದ ಮೇಲೆ ಬರೆದು ಮೇಲಿನವರ ಮುಂದೆ ತಲೆ ತಗ್ಗಿಸಬೇಕಾಗಿಲ್ಲವೆಂಬುದೇ ಅದರ ತಾತ್ಪರ್ಯ.

ಎರಡನೆಯದು ನಮ್ಮ ರಾಜ್ಯದ್ದು. ಗೋಶಾಲೆಗಳ ರಾಸುಗಳನ್ನು ಸಾಕುವ 'ಪುಣ್ಯಕೋಟಿ ದತ್ತು ಯೋಜನೆ'ಗಾಗಿ 2022ರ ನವೆಂಬರಿನಲ್ಲಿ ಸರ್ಕಾರಿ ನೌಕರರ ಸಂಬಳದಿಂದ ಎ ವರ್ಗದವರಿಗೆ 11,000, ಬಿ ವರ್ಗದವರಿಗೆ 4,000, ಸಿ ವರ್ಗದವರಿಗೆ 400 ರೂಪಾಯಿಗಳನ್ನು ಹಿಡಿಯುವಂತೆ ಆದೇಶವಾಯಿತು. ಡಿ ವರ್ಗದವರನ್ನು ಬಿಟ್ಟದ್ದು, ಸಂಬಳಕ್ಕೆ ತಕ್ಕಂತೆ ಮೊತ್ತವನ್ನು ಇಳಿಸಿದ್ದು ವಿವೇಕದ ಕೆಲಸವೇ ಸರಿ. ಆದರೆ ಅಲ್ಲಿಯೂ ಒಲ್ಲದವರು ನಿಗದಿಯಾದ ದಿನದೊಳಗೆ ಬಟವಾಡೆ ಅಧಿಕಾರಿಗೆ ಬರೆದು ತಿಳಿಸಬೇಕೆಂಬ ಕ್ರಮವೇ ಇತ್ತು. ಗೋವಿನ ಮೇಲೆ ಪ್ರೀತಿ ಇರುವವನಿಗೂ ಇಲ್ಲದವನಿಗೂ ಮೌನವೇ ಸಮ್ಮತಿಯಾಯಿತು. ಪುಣ್ಯಕೋಟಿ ಎಂಬ ಹೆಸರಿನ ಹಸು ಕನ್ನಡ ಮಕ್ಕಳಿಗೆಲ್ಲ ಪರಿಚಿತವಾದದ್ದು ಕೊಟ್ಟ ಮಾತನ್ನು ತಾನಾಗಿ ನಡೆಸಿಕೊಟ್ಟದ್ದರಿಂದ. ಅವಳ ಹೆಸರಿನ ಯೋಜನೆಗೆ ಕೊಡುವ ಹಣವೂ ಮೊದಲು ಕೊಡುವವನ ಬಾಯಿಂದ ಬಂದ ಮಾತಾಗಬೇಕಿತ್ತಲ್ಲವೇ?

ಶಿಕ್ಷಕರಿಗೆ ಈ ಮಾತನ್ನು ಬಿಡಿಸಿ ಹೇಳಬೇಕಾಗಿಲ್ಲ. 1949ರಿಂದ ಪ್ರತಿ ಡಿಸೆಂಬರ್ 7ರಂದು ಸಶಸ್ತ್ರ ಪಡೆಗಳ ಧ್ವಜ ದಿನ, 1962ರಿಂದ ಪ್ರತಿ ಸೆಪ್ಟೆಂಬರ್ 5ರಂದು ಶಿಕ್ಷಕರ ದಿನ. ಎರಡಕ್ಕೂ ಕಾಗದದ ಪುಟ್ಟ ಧ್ವಜಗಳು ಶಾಲೆಗಳಿಗೆ ಬರುತ್ತವೆ. ಉದ್ದೇಶ ಎರಡರದೂ ಶ್ಲಾಘ್ಯ. ಆದರೆ ಲೆಕ್ಕ ಒಪ್ಪಿಸುವ ದಿನ ಹತ್ತಿರವಾದಾಗ ಮಾರಾಟವಾಗದೆ ಉಳಿದ ಧ್ವಜಗಳ ಹಣವನ್ನು ಶಿಕ್ಷಕರೇ ಜೇಬಿನಿಂದ ತುಂಬುತ್ತಾರೆಂಬ ಮಾತು ಉಪಾಧ್ಯಾಯರ ಕೊಠಡಿಗಳಲ್ಲಿ ಹೊಸದಲ್ಲ. ತಂದೆಯ ಬಳಿ ಹತ್ತು ರೂಪಾಯಿ ಕೇಳಲಾರದ ಹುಡುಗ ಆ ದಿನ ತರಗತಿಯ ಕೊನೆಯ ಬೆಂಚಿನಲ್ಲಿ ಮುಖ ಮರೆಸಿ ಕೂರುತ್ತಾನೆ. ಅವನಿಗೆ ನಾವು ಕಲಿಸಿದ್ದು ತ್ಯಾಗವನ್ನಲ್ಲ, ನಾಚಿಕೆಯನ್ನು.

ಇಷ್ಟು ಹೇಳಿದಾಗ ಒಂದು ಆಕ್ಷೇಪ ಬರುವುದು ಸಹಜ. ಪ್ರತಿಯೊಬ್ಬನನ್ನೂ ಒಪ್ಪಿಗೆ ಕೇಳುತ್ತ ಕುಳಿತರೆ ಹಣ ಕೂಡುವುದು ಯಾವಾಗ? 2018ರಲ್ಲಿ ಕೊಡಗಿನ ಬೆಟ್ಟಗಳು ಕುಸಿದಾಗ, 2019ರಲ್ಲಿ ಉತ್ತರದ ಹೊಳೆಗಳು ಊರುಗಳಿಗೆ ನುಗ್ಗಿದಾಗ, ನಿರಾಶ್ರಿತರು ನಮ್ಮ ಒಪ್ಪಿಗೆ ಪತ್ರಗಳಿಗಾಗಿ ಕಾಯಬೇಕಾಗಿತ್ತೇ? ಆಕ್ಷೇಪದಲ್ಲಿ ಸತ್ಯಾಂಶವುಂಟು. ಬಿಡಿ ಬಿಡಿಯಾಗಿ ಕೊಡುವವರನ್ನೇ ನಂಬಿದರೆ ನಾಳೆ ಎಂದವನು ಮರೆತೇಬಿಡುತ್ತಾನೆ. ಸಂಬಳದಿಂದಲೇ ಹಿಡಿಯುವ ಕ್ರಮದಲ್ಲಿ ಒಮ್ಮೆ ಮಾಡಿದ ಸಂಕಲ್ಪ ತಿಂಗಳು ತಿಂಗಳೂ ತಾನಾಗಿ ನಡೆಯುತ್ತದೆ. ಇನ್ನೂರು ಮಂದಿಯ ಒಂದು ಕಾರ್ಖಾನೆಯಲ್ಲಿ ಅರ್ಧದಷ್ಟು ಜನ ತಿಂಗಳಿಗೆ 50 ರೂಪಾಯಿಯಂತೆ ಕೊಟ್ಟರೆ ವರ್ಷಕ್ಕೆ 60,000 ರೂಪಾಯಿ ಕೂಡುತ್ತದೆ. ಕೊಟ್ಟವನಿಗೆ ಕೊಟ್ಟದ್ದೇ ತಿಳಿಯುವುದಿಲ್ಲ. ಅಡಿಗೆಗೆ ಮುನ್ನ ಒಂದು ಹಿಡಿ ಧಾನ್ಯವನ್ನು ಬೇರೆ ಗಡಿಗೆಯಲ್ಲಿ ಎತ್ತಿಡುತ್ತಿದ್ದ ನಮ್ಮ ಹೆಂಗಸರ ಕ್ರಮವೂ ಇದೇ. ಆದುದರಿಂದ ಸಂಬಳದಿಂದ ಹಿಡಿಯುವುದನ್ನು ನಾವು ವಿರೋಧಿಸುತ್ತಿಲ್ಲ. ಹಿಡಿಯುವ ಮುನ್ನ 'ಆಗಲಿ' ಎಂಬ ಮಾತು ಬೇಕು ಎನ್ನುತ್ತಿದ್ದೇವೆ, ಅಷ್ಟೆ. 1936ರ ವೇತನ ಪಾವತಿ ಕಾಯಿದೆಯೂ ಪ್ರಧಾನ ಮಂತ್ರಿಗಳ ಪರಿಹಾರ ನಿಧಿಗೆ ಕೂಲಿಯಿಂದ ಹಿಡಿಯಬೇಕಾದರೆ ಕೆಲಸಗಾರನ ಲಿಖಿತ ಒಪ್ಪಿಗೆ ಬೇಕೆಂದು ಹೇಳಿತ್ತು. ಒಪ್ಪದವನು ಬರೆಯುವುದಲ್ಲ, ಒಪ್ಪಿದವನು ಬರೆಯುವುದು. ಭೇದ ಒಂದು ಅಕ್ಷರದ್ದಾದರೂ ಅಂತರ ಅಜಗಜಾಂತರ.

ಈ ತೊಡಕು ನಮಗೊಬ್ಬರಿಗೇ ಬಂದದ್ದಲ್ಲ. ಅಮೆರಿಕದ ಸರ್ಕಾರಿ ಕಚೇರಿಗಳಲ್ಲಿ ವರ್ಷದುದ್ದಕ್ಕೂ ಒಂದರ ಹಿಂದೊಂದು ಸಂಸ್ಥೆ ಡಬ್ಬಿ ಹಿಡಿದು ಬಂದು ನೌಕರರು ಬೇಸತ್ತಿದ್ದರು. 1961ರಲ್ಲಿ ಅಧ್ಯಕ್ಷ ಕೆನೆಡಿ ಹೊರಡಿಸಿದ ಆಜ್ಞೆಯಿಂದ ಮೊದಲಾಗಿ ಇವೆಲ್ಲವನ್ನೂ ಕ್ರಮೇಣ ವರ್ಷಕ್ಕೊಂದೇ ಸಂಗ್ರಹವಾಗಿ ಕೂಡಿಸಲಾಯಿತು. ಅಲ್ಲಿನ ನಿಯಮಗಳು ಮನನೀಯವಾಗಿವೆ. ಮೇಲಧಿಕಾರಿ ತನ್ನ ಕೈಕೆಳಗಿನವನನ್ನು ತಾನೇ ಬೇಡಕೂಡದು. 'ನೂರಕ್ಕೆ ನೂರು ಮಂದಿ ಕೊಡಲೇಬೇಕು' ಎಂಬ ಗುರಿ ಇಡಕೂಡದು. ಯಾರು ಕೊಟ್ಟರು, ಯಾರು ಕೊಡಲಿಲ್ಲ ಎಂಬ ಪಟ್ಟಿಯನ್ನು ಮೇಲಿನವರ ಕೈಗೆ ಕೊಡಕೂಡದು. ದಾನಕ್ಕೂ ನಿಯಮವೇ ಎಂದು ನಗುವವರು ನಗಲಿ. ಮನುಷ್ಯನ ಮಾನವನ್ನು ಕಾಯಲು ನಿಯಮ ಬೇಕಾಗುತ್ತದೆಂಬುದನ್ನು ಕಚೇರಿಯಲ್ಲಿ ಕೆಲಸ ಮಾಡಿದವರೆಲ್ಲ ಬಲ್ಲರು.

ನಮ್ಮ ಕಾರ್ಖಾನೆಗಳೂ ಕಚೇರಿಗಳೂ ಶಾಲೆಗಳೂ ಇಂಥ ಕಾರ್ಯಕ್ಕೆ ಕೈ ಹಾಕುವಾಗ ಕೆಲವು ಸಂಗತಿಗಳನ್ನು ನೆನಪಿಡಬೇಕು. ಯಾವ ಕಾರ್ಯಕ್ಕೆ ಕೊಡಬೇಕೆಂಬುದನ್ನು ಮೇಲಿನ ಕೊಠಡಿ ಗೊತ್ತುಮಾಡಿ ಕೆಳಗೆ ಸುತ್ತೋಲೆ ಕಳಿಸುವ ಬದಲು, ಕೆಲಸಗಾರರೇ ಆಯ್ದ ನಾಲ್ಕಾರು ಮಂದಿ ಕುಳಿತು ನಿಶ್ಚಯಿಸಲಿ. ಒಪ್ಪಿಗೆಯ ಚೀಟಿ ಮುಚ್ಚಿದ ಲಕೋಟೆಯಲ್ಲಿ ಲೆಕ್ಕದ ವಿಭಾಗಕ್ಕೆ ನೇರವಾಗಿ ಹೋಗಲಿ. ಆರಂಭಕ್ಕೊಂದು ದಿನ, ಮುಗಿತಾಯಕ್ಕೊಂದು ದಿನ ಇರಲಿ. ಮುಗಿತಾಯವಿಲ್ಲದ ವಂತಿಗೆ ತೆರಿಗೆಯಾಗಿಬಿಡುತ್ತದೆ. ಗುತ್ತಿಗೆಯ ಮೇಲೆ ಗುಡಿಸುವವರ, ಕಾವಲು ಕಾಯುವವರ ಬಳಿಗೆ ಪಟ್ಟಿ ಒಯ್ಯುವ ಮುನ್ನ, ಪಟ್ಟಿಯ ಹಣ ಮೊದಲು ಸಲ್ಲಬೇಕಾದದ್ದು ಅವರ ಮನೆಗೇ ಅಲ್ಲವೇ ಎಂದು ಯೋಚಿಸುವುದು ಲೇಸು. ರಸೀತಿ ತಪ್ಪದೆ ಸಿಗಲಿ. 2,000 ರೂಪಾಯಿ ಮೀರಿದ ನಗದು ದಾನಕ್ಕೆ ಆದಾಯ ತೆರಿಗೆಯಲ್ಲಿ ವಿನಾಯಿತಿ ಇಲ್ಲ. ಹೊಸ ತೆರಿಗೆ ಪದ್ಧತಿಯಲ್ಲಿರುವವರಿಗೆ ವಿನಾಯಿತಿಯೇ ಇಲ್ಲ. ಇದನ್ನು ಮೊದಲೇ ಹೇಳಿಬಿಡುವುದು ಪ್ರಾಮಾಣಿಕತೆ. ಎಲ್ಲಕ್ಕೂ ಮಿಗಿಲಾಗಿ, ಹಣ ಎಲ್ಲಿ ಹೋಯಿತು, ಅದರಿಂದ ಏನಾಯಿತು ಎಂಬುದನ್ನು ಒಂದು ಹಾಳೆಯಲ್ಲಿ ಬರೆದು ಊಟದ ಮನೆಯ ಗೋಡೆಗೆ ಅಂಟಿಸಲಿ. ನೆರೆಯ ಶಾಲೆಯ ಸೋರುವ ಸೂರು ದುರಸ್ತಿಯಾದದ್ದನ್ನು ಕಂಡವನು ಮರುವರ್ಷ ಹೇಳಿಸಿಕೊಳ್ಳದೆ ಕೊಡುತ್ತಾನೆ.

ಇನ್ನೊಂದು ಗೊಂದಲವನ್ನೂ ಇಲ್ಲಿಯೇ ನಿವಾರಿಸುವುದು ಒಳಿತು. 2013ರ ಕಂಪನಿಗಳ ಕಾಯಿದೆಯು, ಗೊತ್ತಾದ ಮಟ್ಟವನ್ನು ಮೀರಿದ ಕಂಪನಿಗಳು ಮೂರು ವರ್ಷಗಳ ಸರಾಸರಿ ನಿವ್ವಳ ಲಾಭದಲ್ಲಿ ನೂರಕ್ಕೆ ಎರಡು ಪಾಲನ್ನು ಸಮಾಜಕ್ಕಾಗಿ ವೆಚ್ಚಮಾಡಬೇಕೆಂದು ವಿಧಿಸಿದೆ. ಅದು ಕಂಪನಿಯ ಋಣ, ಕೆಲಸಗಾರನ ಕೊಡುಗೆಯಲ್ಲ. ಒಂದರ ಕೀರ್ತಿಯನ್ನು ಇನ್ನೊಂದಕ್ಕೆ ತೊಡಿಸಬಾರದು. ಕೆಲಸಗಾರರ ಹಣದಿಂದ ಕಟ್ಟಿದ ಕೊಠಡಿಯ ಬಾಗಿಲ ಮೇಲೆ ಕಂಪನಿಯ ಹೆಸರು ಮಾತ್ರ ಮೆರೆಯುವುದು ನ್ಯಾಯವಲ್ಲ.

ಕೊಡುವವರು ಬೇರೆ, ಪಡೆಯುವವರು ಬೇರೆ ಎಂಬ ಭ್ರಮೆಯನ್ನೂ ಬಿಡಬೇಕು. ತುಮಕೂರಿನಲ್ಲಿ ನಾಡಿನ ಮಣಿಕಟ್ಟುಗಳಿಗೆ ಗಡಿಯಾರ ಒದಗಿಸಿದ ಎಚ್.ಎಂ.ಟಿ. ಕಾರ್ಖಾನೆ ಇತ್ತು. ಅಲ್ಲಿ ಕೆಲಸ ಸಿಕ್ಕಿತೆಂದರೆ ಬದುಕು ಗಟ್ಟಿಯಾಯಿತೆಂದು ನಂಬಿದ್ದ ಕಾಲವೊಂದಿತ್ತು. 2016ರಲ್ಲಿ ಕೇಂದ್ರ ಸರ್ಕಾರ ಎಚ್.ಎಂ.ಟಿ. ಗಡಿಯಾರ ಸಂಸ್ಥೆಯನ್ನು ಮುಚ್ಚುವ ನಿರ್ಧಾರ ಕೈಗೊಂಡಿತು. ಇಂದು ಪಟ್ಟಿಯಲ್ಲಿ ಬರೆಯುವ ಕೈ ನಾಳೆ ಪಟ್ಟಿಯಿಂದ ಪಡೆಯುವ ಕೈಯಾಗಬಹುದು. ಹಾಗೆ ಪಡೆಯಬೇಕಾಗಿ ಬಂದಾಗ, ಆ ಹಣ ಯಾರದೋ ಗೊಣಗಾಟದಿಂದ ಬಂದದ್ದಲ್ಲ, ಒಲುಮೆಯಿಂದ ಬಂದದ್ದು ಎಂಬ ಭರವಸೆ ಇದ್ದರೆ ಮಾತ್ರ ಅದು ಗಂಟಲಲ್ಲಿ ಇಳಿದೀತು.

ಹನ್ನೆರಡನೆಯ ಶತಮಾನದ ಶರಣರು ದಾಸೋಹವನ್ನು ಕಾಯಕದೊಡನೆ ಜೋಡಿಸಿ ಹೇಳಿದುದರ ಮರ್ಮ ಇಲ್ಲಿದೆ. ಆಯ್ದಕ್ಕಿ ಮಾರಯ್ಯ ಒಂದು ದಿನ ಎಂದಿಗಿಂತ ಹೆಚ್ಚು ಅಕ್ಕಿ ತಂದಾಗ, ಅದು ಆಸೆಯ ಅಕ್ಕಿಯೆಂದು ಲಕ್ಕಮ್ಮ ತಿರುಗಿ ಸುರಿದು ಬರಲು ಕಳಿಸಿದ ಕಥೆ ಎಲ್ಲರಿಗೂ ಗೊತ್ತು. ದಾಸೋಹದ ಮನೆಗೂ ಬೇಡವಾದ ಅಕ್ಕಿಯುಂಟೆಂದು ತಿಳಿಸಿದವಳು ಆ ತಾಯಿ. ಆಸೆಯ ಅಕ್ಕಿ ಸಲ್ಲದಿದ್ದರೆ ಅಂಜಿಕೆಯ ಅಕ್ಕಿ ಸಲ್ಲುವುದು ಹೇಗೆ? ನೂರು ಮಂದಿ ಅಂಜಿ ಕೊಟ್ಟದ್ದಕ್ಕಿಂತ ನಲವತ್ತು ಮಂದಿ ಒಲಿದು ಕೊಟ್ಟದ್ದು ಮೊತ್ತದಲ್ಲಿ ಕಡಿಮೆಯಾದೀತು; ಆದರೆ ಆ ನಲವತ್ತು ಮರುವರ್ಷ ಐವತ್ತಾಗುತ್ತದೆ, ಈ ನೂರು ಮರುವರ್ಷ ಪಟ್ಟಿ ಬರುವ ಹೊತ್ತಿಗೆ ರಜೆ ಹಾಕುತ್ತದೆ. ಮುಂದಿನ ಸಂಬಳದ ದಿನ ವಂತಿಗೆ ಪಟ್ಟಿಯನ್ನು ಸಿದ್ಧಗೊಳಿಸುವ ಅಧಿಕಾರಿಗಳೂ ಮುಖ್ಯೋಪಾಧ್ಯಾಯರೂ ಕಾರ್ಮಿಕ ಮುಖಂಡರೂ, ಒಲ್ಲೆನೆಂದವನು ತಲೆಯೆತ್ತಿಕೊಂಡೇ ತನ್ನ ಮೇಜಿಗೆ ಮರಳಲು ಅದರಲ್ಲಿ ಎಡೆಯಿದೆಯೇ ಎಂಬುದನ್ನು ಮೊದಲು ನೋಡಲಿ. ಎಡೆಯಿದ್ದರೆ, ಆ ಪಟ್ಟಿಯಲ್ಲಿ ಬಿದ್ದ ಪ್ರತಿ ರೂಪಾಯಿಯೂ ದಾನವೆಂಬ ಹೆಸರಿಗೆ ಅರ್ಹವಾಗುತ್ತದೆ.