ಡ್ರೋನ್ ನಡುಗಿದ್ದೆಲ್ಲಿ, ಕಂಡದ್ದೆಲ್ಲಿ?

2022ರ ಮಳೆಗಾಲ ನೆನಪಿದೆಯಾ? ತುಮಕೂರು ಜಿಲ್ಲೆಯಲ್ಲಿ ವರ್ಷಗಟ್ಟಲೆ ಬಣಗುಡುತ್ತಿದ್ದ ಎಷ್ಟೋ ಕೆರೆಗಳು ಆ ವರ್ಷ ತುಂಬಿ ಕೋಡಿ ಬಿದ್ದವು. ಶಿರಾ ತಾಲ್ಲೂಕು ಹುಲಿಕುಂಟೆ ಹೋಬಳಿಯ ನಮ್ಮೂರ ಕೆರೆಯೂ ತುಂಬಿತು. ನಾವು ಹುಡುಗರು ಕ್ರಿಕೆಟ್ ಆಡಿ ಬೆಳೆದದ್ದೇ ಆ ಕೆರೆಯ ಅಂಗಳದಲ್ಲಿ. ಅದರಲ್ಲಿ ನೀರು ನಿಲ್ಲುತ್ತೆ ಅನ್ನೋದೇ ನಮಗೆ ಮರೆತುಹೋಗಿತ್ತು. "ಕೋಡಿ ಬಿದ್ದೈತೆ, ಬಾ" ಅಂತ ಅಪ್ಪ ಫೋನ್ ಮಾಡಿದ್ದು ಗುರುವಾರ. ಶುಕ್ರವಾರ ಕೊನೇ ಮೀಟಿಂಗ್ ಮುಗಿಸಿ, ಡ್ರೋನ್ ಬ್ಯಾಗ್ ಹಾಕ್ಕೊಂಡು ಬೆಂಗಳೂರಿಂದ ಹೊರಟೆ.

ಡ್ರೋನ್ ತಗೊಂಡು ಹೋಗಿದ್ದು ರೀಲ್ಸ್‌ಗೆ ಅಲ್ಲ, ಅಜ್ಜಿಗೆ. ಸೊಂಟದ ಮೂಳೆ ಮುರಿದು ಎರಡು ವರ್ಷದಿಂದ ಅಜ್ಜಿ ಮಂಚ ಬಿಟ್ಟಿರಲಿಲ್ಲ. "ಒಂದ್ಸಲ ಕೋಡಿ ನೀರು ನೋಡ್ಬೇಕಿತ್ತು ಕಣಪ್ಪ" ಅಂತ ಒಂದೇ ಸಮನೆ ಹೇಳ್ತಿದ್ರಂತೆ. ಏರಿ ಮೇಲೆಲ್ಲ ಕೆಸರು, ಎತ್ತಿಕೊಂಡು ಹೋಗೋ ಹಾಗಿರಲಿಲ್ಲ. ಸರಿ, ಕೆರೆಯನ್ನೇ ಮನೆಗೆ ತರೋಣ ಅಂದುಕೊಂಡೆ.

ಶನಿವಾರ ಬೆಳಗ್ಗೆ ಹಾರಿಸಿದೆ. ಹತ್ತು ನಿಮಿಷದ ವಿಡಿಯೊ. ಅಜ್ಜಿ ಮಂಚವನ್ನು ಟಿವಿ ಎದುರಿಗೆ ತಿರುಗಿಸಿ ಹಾಕಿದೆವು. ಒಂದು ನಿಮಿಷ ಆಗಿರಲಿಲ್ಲ, ಅಜ್ಜಿ ಮುಖ ಆ ಕಡೆ ತಿರುಗಿಸಿಬಿಟ್ರು. "ಏನ್ಲಾ ಇದು, ನೀರು ಚಳಿ ಬಂದಂಗೆ ನಡುಗ್ತೈತೆ? ಆರ್ಸಪ್ಪ, ತಲೆ ಸುತ್ತುತೈತೆ."

ನಿಜ. ಏರಿ, ತೂಬು, ತೆಂಗಿನ ಸಾಲು ಎಲ್ಲವೂ ತಟ್ಟೆಯಲ್ಲಿಟ್ಟ ಜೆಲ್ಲಿ ಥರ ಅಲುಗುತ್ತಿದ್ದವು. ಭಾನುವಾರ ರಾತ್ರಿ ನಾನು ವಾಪಸ್ ಹೊರಡಬೇಕು. ಮುಂದಿನ ವಾರ ಬರುವಷ್ಟರಲ್ಲಿ ಕೋಡಿ ಹರಿಯುತ್ತಿರುತ್ತೆ ಅನ್ನೋ ಗ್ಯಾರಂಟಿ ಇರಲಿಲ್ಲ. ಹಾಗಾಗಿ ಕೈಯಲ್ಲಿದ್ದದ್ದು ಒಂದೂವರೆ ದಿನ.

ಗಿಂಬಲ್ ಅಂದ್ರೆ ಕೊಡ ಹೊತ್ತವಳ ಕತ್ತು

ತುಂಬಿದ ಕೊಡ ತಲೆ ಮೇಲಿಟ್ಟುಕೊಂಡು ಹೆಂಗಸರು ನಡೆಯೋದನ್ನ ನೋಡಿರ್ತೀರಿ. ಕಾಲು ಹಳ್ಳ ದಿಣ್ಣೆ ಹತ್ತಿ ಇಳಿಯುತ್ತೆ, ಸೊಂಟ ಬಳುಕುತ್ತೆ, ಕೊಡ ಮಾತ್ರ ಅಲ್ಲಾಡಲ್ಲ. ಮೈ ವಾಲಿದ ಕಡೆಗೆ ಎದುರಾಗಿ ಕತ್ತು ಸರಿಮಾಡಿಕೊಳ್ಳುತ್ತಿರುತ್ತೆ. ಡ್ರೋನ್‌ನಲ್ಲಿ ಆ ಕತ್ತೇ ಗಿಂಬಲ್. ಮೂರು ಪುಟ್ಟ ಮೋಟಾರ್‌ಗಳು: ಒಂದು ಕ್ಯಾಮೆರಾವನ್ನು ಮೇಲೆ ಕೆಳಗೆ, ಇನ್ನೊಂದು ಎಡಕ್ಕೆ ಬಲಕ್ಕೆ, ಮತ್ತೊಂದು ಓರೆಯಾಗದ ಹಾಗೆ ನೋಡಿಕೊಳ್ಳುತ್ತೆ. ಒಳಗಿರೋ ಗೈರೊ ಸೆನ್ಸರ್ ಎಷ್ಟು ವಾಲಿತು ಅಂತ ಅಳೆಯುತ್ತೆ, ಮೋಟಾರ್ ಅಷ್ಟೇ ಹಿಂದಕ್ಕೆ ತಿರುಗಿಸುತ್ತೆ. ಸೆಕೆಂಡಿಗೆ ನೂರಾರು ಸಲ ನಡೆಯೋ ಕೆಲಸ ಇದು.

ವಿಡಿಯೊ ನಡುಗಿತು ಅಂದ್ರೆ ಗಿಂಬಲ್ಲೇ ಕೆಟ್ಟಿದೆ ಅಂತ ನಾನು ತೀರ್ಮಾನ ಮಾಡಿಬಿಟ್ಟೆ. ಮೂರು ಸಲ ಕ್ಯಾಲಿಬ್ರೇಷನ್ ಮಾಡಿದೆ. ಆ್ಯಪ್ ಅಳಿಸಿ ಮತ್ತೆ ಹಾಕಿದೆ. ತಾರಸಿ ಮೇಲೆ ನಿಂತು, ಒಂದು ಕಡ್ಡಿ ಸಿಗ್ನಲ್‌ನಲ್ಲಿ ಒಂದು ಗಂಟೆ ಕಾದು ಫರ್ಮ್‌ವೇರ್ ಅಪ್‌ಡೇಟ್ ಮಾಡಿದೆ. ಏನೂ ಬದಲಾಗಲಿಲ್ಲ. ಆಫೀಸಲ್ಲಿ ಜೂನಿಯರ್‌ಗಳಿಗೆ "ಲಾಗ್ ನೋಡದೆ ಕೋಡ್ ಮುಟ್ಟಬೇಡಿ" ಅಂತ ಪಾಠ ಹೇಳೋ ನಾನೇ ಹೀಗೆ ಮಾಡಿದ್ದೆ.

ಚಿಕ್ಕಪ್ಪನ ಉಗುರು

ನಮ್ಮ ಚಿಕ್ಕಪ್ಪ ಪಂಪ್‌ಸೆಟ್ ಮೋಟಾರ್ ರಿಪೇರಿ ಮಾಡೋರು. ಸಂಜೆ ಟೀ ಕುಡಿಯೋಕೆ ಬಂದವರು ನನ್ನ ಒದ್ದಾಟ ನೋಡ್ತಾ ಕೂತರು. ಆಮೇಲೆ ಒಂದೇ ಪ್ರಶ್ನೆ ಕೇಳಿದರು: "ಎಲ್ಲಿಗಾದ್ರೂ ತಗುಲ್ಸಿದ್ಯೇನಲಾ?"

ತಗುಲಿಸಿದ್ದೆ. ಮೊದಲ ಸಲ ಇಳಿಸುವಾಗ ಏರಿ ಪಕ್ಕದ ಜಾಲಿ ಕೊಂಬೆಗೆ ಸವರಿಕೊಂಡು ಹೋಗಿತ್ತು. ಬೀಳಲಿಲ್ಲವಲ್ಲ ಅಂತ ನಾನು ಲೆಕ್ಕಕ್ಕೇ ಇಟ್ಟುಕೊಂಡಿರಲಿಲ್ಲ.

ಚಿಕ್ಕಪ್ಪ ಪ್ರೊಪೆಲ್ಲರ್ ರೆಕ್ಕೆ ಹಿಡಿದು, ಅಂಚಿನ ಮೇಲೆ ಹೆಬ್ಬೆರಳ ಉಗುರು ಎಳೆದುಕೊಂಡು ಬಂದರು. ಎರಡನೇ ರೆಕ್ಕೆಯ ತುದಿ ಹತ್ತಿರ ಉಗುರು ಟಕ್ ಅಂತ ನಿಂತಿತು. ಕಣ್ಣಿಗೆ ಕಾಣದಷ್ಟು ಸಣ್ಣ ಕಚ್ಚು. "ಪಂಪು ಅದುರ್ತೈತೆ ಅಂದ್ರೆ ಪೈಪಿಗೆ ಪೆಟ್ಟು ಕೊಡ್ತಾರೇನೋ? ಅದುರೋದು ಪೈಪು, ತೊಂದ್ರೆ ಇರೋದು ಇಂಪೆಲ್ಲರ್‌ನಾಗೆ" ಅಂದರು.

ಈಗ ಲೆಕ್ಕ ನೋಡಿ. ಪ್ರೊಪೆಲ್ಲರ್ ನಿಮಿಷಕ್ಕೆ 6,000 ಸುತ್ತು ತಿರುಗಿದರೆ ಸೆಕೆಂಡಿಗೆ 100 ಸುತ್ತು. ರೆಕ್ಕೆಯ ತೂಕ ಒಂಚೂರು ಹೆಚ್ಚುಕಮ್ಮಿ ಆದರೂ ಡ್ರೋನ್ ಮೈಗೆ ಸೆಕೆಂಡಿಗೆ 100 ಸಲ ಏಟು ಬೀಳುತ್ತೆ. ಗಾಳಿಗೆ ವಾಲೋದು, ತಿರುಗೋದು, ಇಂಥ ನಿಧಾನದ ಅಲುಗಾಟವನ್ನ ಗಿಂಬಲ್ ಮೋಟಾರ್ ಚೆನ್ನಾಗಿ ಸರಿ ಮಾಡುತ್ತೆ. ಇಷ್ಟು ಬಿರುಸಿನ ಅದುರಾಟವನ್ನ ಹಿಡಿಯೋದು ಅದರ ಕೈಲಿ ಆಗಲ್ಲ. ಅದಕ್ಕೇ ಅಂತ ಗಿಂಬಲ್ ಮತ್ತು ಡ್ರೋನ್ ಮೈ ನಡುವೆ ಪುಟ್ಟ ರಬ್ಬರ್ ಗುಂಡುಗಳಿರುತ್ತವೆ. ಬೈಕಿಗೆ ಶಾಕ್ ಅಬ್ಸಾರ್ಬರ್ ಇದ್ದ ಹಾಗೆ. ನನ್ನ ಡ್ರೋನ್‌ನಲ್ಲಿ ನೋಡಿದರೆ ನಾಲ್ಕು ಗುಂಡುಗಳಲ್ಲಿ ಒಂದು ತನ್ನ ಗೂಡಿನಿಂದ ಅರ್ಧ ಹೊರಗೆ ಬಂದಿತ್ತು. ಅದೂ ಜಾಲಿ ಕೊಂಬೆಯ ಕೊಡುಗೆಯೇ ಇರಬೇಕು.

ಇನ್ನು ಆ ಜೆಲ್ಲಿ ಯಾಕೆ ಕಾಣುತ್ತೆ? ಕ್ಯಾಮೆರಾ ಸೆನ್ಸರ್ ಇಡೀ ಚಿತ್ರವನ್ನ ಒಂದೇ ಏಟಿಗೆ ತೆಗೆಯಲ್ಲ. ಮೇಲಿನ ಸಾಲಿನಿಂದ ಕೆಳಗಿನ ಸಾಲಿನವರೆಗೆ ಒಂದೊಂದಾಗಿ ಓದುತ್ತೆ. ಓದಿ ಮುಗಿಸೋ ಅಷ್ಟರಲ್ಲಿ ಕ್ಯಾಮೆರಾ ಅದುರಿದರೆ, ಒಂದೊಂದು ಸಾಲು ಒಂದೊಂದು ಕಡೆ ಸರಿದಿರುತ್ತೆ. ನೆಟ್ಟಗಿರೋ ತೆಂಗಿನ ಮರ ಹಾವಿನ ಥರ ಕಾಣೋದು ಅದಕ್ಕೇ.

ಅಲುಗಾಟದಲ್ಲೂ ಜಾತಿ ಇದೆ

ನಿಮ್ಮ ವಿಡಿಯೊ ನಡುಗಿದರೆ ಮೊದಲು ಯಾವ ಥರದ ನಡುಕ ಅಂತ ನೋಡಿ.

ಜೆಲ್ಲಿ ಥರ ಸಣ್ಣ ಅಲೆ: ಪ್ರೊಪೆಲ್ಲರ್, ಮೋಟಾರ್ ಅಥವಾ ರಬ್ಬರ್ ಗುಂಡು.

ಆಗಾಗ ಬರೋ ಜರ್ಕ್: ಗಾಳಿ ಜಾಸ್ತಿಯಾಗಿ ಗಿಂಬಲ್ ತಿರುಗೋ ಮಿತಿ ಮುಗಿದಿದೆ. ಇಲ್ಲಾ ಹುಲ್ಲುಕಡ್ಡಿ, ಮರಳು ಸಿಕ್ಕಿಕೊಂಡಿದೆ. ಆನ್ ಮಾಡುವಾಗ ಗಿಂಬಲ್ ಕವರ್ ತೆಗೆಯೋದು ಮರೆತರೂ ಮೋಟಾರ್‌ಗೆ ಹೊರೆ ಬಿದ್ದು ಎಚ್ಚರಿಕೆ ಮೆಸೇಜ್ ಬರುತ್ತೆ.

ನಡುಕ ಇಲ್ಲ, ಆದರೆ ನೆಲ ಓರೆ: ಇದು ಕ್ಯಾಲಿಬ್ರೇಷನ್ ಕೇಸು. ಸಮತಟ್ಟಾದ ಜಾಗದಲ್ಲಿಟ್ಟು ಮಾಡಿ. ಕಾರಿನ ಬಾನೆಟ್ ಬೇಡ.

ತಡೆತಡೆದು ಓಡೋದು: ಇದು ನಡುಕವೇ ಅಲ್ಲದಿರಬಹುದು. ಹಾರಿಸುವಾಗ ಫೋನಲ್ಲಿ ಕಾಣೋದು ಸಿಗ್ನಲ್ ಮೇಲೆ ನಿಂತ ಚಿತ್ರ. ಮೆಮೊರಿ ಕಾರ್ಡಿನಲ್ಲಿರೋ ಅಸಲಿ ಫೈಲನ್ನ ಲ್ಯಾಪ್‌ಟಾಪ್‌ನಲ್ಲಿ ನೋಡಿ. ಕಾರ್ಡ್ ನಿಧಾನದ್ದಾದರೂ ಹೀಗಾಗುತ್ತೆ.

ಯಾವುದು ಮೊದಲು, ಯಾವುದು ಕೊನೆಗೆ

ಒಂದು ಸಲಕ್ಕೆ ಒಂದೇ ಬದಲಾವಣೆ ಮಾಡಿ. ನಾಲ್ಕು ಒಟ್ಟಿಗೆ ಮಾಡಿದರೆ, ಸರಿಹೋದರೂ ಯಾವುದರಿಂದ ಸರಿಹೋಯಿತು ಅಂತ ಗೊತ್ತಾಗಲ್ಲ.

ಪವರ್ ಆಫ್ ಮಾಡಿ ಕಣ್ಣಲ್ಲಿ ನೋಡಿ: ರಬ್ಬರ್ ಗುಂಡುಗಳೆಲ್ಲ ಗೂಡಲ್ಲಿವೆಯಾ, ಯಾವುದಾದರೂ ಹರಿದಿದೆಯಾ, ಪಟ್ಟಿಯಂಥ ತೆಳು ಕೇಬಲ್ ಮಡಿಸಿಕೊಂಡಿದೆಯಾ. ಗಿಂಬಲ್ಲನ್ನ ಬೆರಳ ತುದಿಯಿಂದ ಮೆಲ್ಲಗೆ ಅಲುಗಿಸಿ, ಸರಾಗವಾಗಿ ಬರಬೇಕು. ಬಲ ಹಾಕಬೇಡಿ.

ಆಮೇಲೆ ರೆಕ್ಕೆಗಳ ಅಂಚಿಗೆ ಉಗುರು ಪರೀಕ್ಷೆ. ಕಚ್ಚು ಸಿಕ್ಕರೆ ಉಜ್ಜಿ ನಯ ಮಾಡೋಕೆ, ಅಂಟಿಸೋಕೆ ಹೋಗಬೇಡಿ. ಆ ಮೋಟಾರ್‌ನ ಎರಡೂ ರೆಕ್ಕೆಗಳನ್ನ ಜೋಡಿಯಾಗಿ ಬದಲಾಯಿಸಿ. ಒಂದು ಹಳೇದು ಒಂದು ಹೊಸದು ಇದ್ದರೆ ಮತ್ತೆ ತೂಕ ಹೆಚ್ಚುಕಮ್ಮಿಯೇ.

ಅನುಮಾನ ಉಳಿದರೆ ಎಲ್ಲ ಪ್ರೊಪೆಲ್ಲರ್ ಬಿಚ್ಚಿ, ನೆಲದ ಮೇಲೇ ಮೋಟಾರ್‌ಗಳನ್ನ ಸ್ವಲ್ಪ ಹೊತ್ತು ನಿಧಾನಕ್ಕೆ ಓಡಿಸಿ ರೆಕಾರ್ಡ್ ಮಾಡಿ. ರೆಕ್ಕೆ ಇಲ್ಲದಾಗ ಚಿತ್ರ ಗಟ್ಟಿ ನಿಂತರೆ ಅನುಮಾನ ರೆಕ್ಕೆ ಮೇಲೆ. ಆಗಲೂ ಅದುರಿದರೆ ಮೋಟಾರ್ ಅಥವಾ ಅದರ ಬೇರಿಂಗ್, ಅದು ಸರ್ವಿಸ್ ಸೆಂಟರ್ ಕೆಲಸ. ಕ್ಯಾಲಿಬ್ರೇಷನ್, ರೀಸೆಟ್ ಎಲ್ಲ ಕೊನೆಗೆ. ನಾನು ಶುರು ಮಾಡಿದ್ದೇ ಅಲ್ಲಿಂದ!

ಬಿಸಿಲಲ್ಲಿ ಶಟರ್ ವೇಗ ತುಂಬಾ ಏರಿದರೆ ಒಂದೊಂದು ಫ್ರೇಮೂ ಚೂಪಾಗಿ, ಸಣ್ಣ ನಡುಕವೂ ಎದ್ದು ಕಾಣುತ್ತೆ. ಸೆಕೆಂಡಿಗೆ 25 ಫ್ರೇಮ್ ಆದರೆ ಶಟರ್ 1/50ರ ಹತ್ತಿರ ಇಡಿ. ಅಷ್ಟಕ್ಕೆ ಇಳಿಸಲು ಎನ್‌ಡಿ ಫಿಲ್ಟರ್ ಬೇಕು, ಕ್ಯಾಮೆರಾಗೆ ಅದು ಕೂಲಿಂಗ್ ಗ್ಲಾಸ್ ಇದ್ದಂತೆ. ನಿಮ್ಮ ಮಾಡೆಲ್‌ಗೇ ಮಾಡಿದ ಹಗುರ ಫಿಲ್ಟರ್ ಹಾಕಿ. ನೆನಪಿರಲಿ, ಇದು ನಡುಕವನ್ನ ಮರೆಮಾಚುತ್ತೆ, ವಾಸಿ ಮಾಡಲ್ಲ.

ನಮ್ಮ ಕಡೆ ಗಾಳಿ, ನಮ್ಮ ಕಡೆ ಆಕಾಶ

ಮಧುಗಿರಿ ಏಕಶಿಲಾ ಬೆಟ್ಟದ ಹತ್ತಿರ ಹಾರಿಸಬೇಕು ಅನ್ನೋದು ನಮ್ಮ ಕಡೆ ಹುಡುಗರ ಆಸೆ. ಅಷ್ಟು ದೊಡ್ಡ ಬಂಡೆಗೆ ಬಡಿದ ಗಾಳಿ ಹಿಂದುಗಡೆ ಸುಳಿ ಸುಳಿಯಾಗಿ ತಿರುಗುತ್ತೆ. ಮಧ್ಯಾಹ್ನ ಬಂಡೆ ಕಾದರೆ ಬಿಸಿ ಗಾಳಿ ಮೇಲಕ್ಕೆ ಏಳುತ್ತೆ. ಯಾವ ಗಿಂಬಲ್ಲೂ ತಡೆಯಲ್ಲ. ಜತೆಗೆ ಆ ಕೋಟೆ ಸಂರಕ್ಷಿತ ಸ್ಮಾರಕ, ಅನುಮತಿ ಇಲ್ಲದೆ ಹಾರಿಸೋ ಹಾಗಿಲ್ಲ. ಎಲ್ಲೇ ಆಗಲಿ, ಬೆಳಗ್ಗೆ ಬೇಗ ಹಾರಿಸೋದು ಒಳ್ಳೇದು. ಶಿರಾ ತಾಲ್ಲೂಕಿನ ಕಗ್ಗಲಡುವಿನಲ್ಲಿ ಮಾತ್ರ ದಯವಿಟ್ಟು ಬೇಡ. ಊರವರು ಮಕ್ಕಳ ಹಾಗೆ ಕಾಪಾಡಿಕೊಂಡು ಬಂದಿರೋ ಬಣ್ಣದ ಕೊಕ್ಕರೆಗಳು ಡ್ರೋನ್ ಸದ್ದಿಗೆ ಗೂಡು ಬಿಟ್ಟು ಏಳುತ್ತವೆ.

2021ರ ಡ್ರೋನ್ ನಿಯಮದಲ್ಲಿ 250 ಗ್ರಾಂವರೆಗಿನ ನ್ಯಾನೊ ಡ್ರೋನ್‌ಗೆ ಪೈಲಟ್ ಸರ್ಟಿಫಿಕೇಟ್ ಬೇಡ. ಹಾಗಂತ ಎಲ್ಲಿ ಬೇಕಾದರೂ ಹಾರಿಸಬಹುದು ಅಂತಲ್ಲ. ಹಸಿರು ವಲಯದಲ್ಲಿ 400 ಅಡಿ ಮಿತಿ. ನಮ್ಮ ಪಕ್ಕದ ಚಳ್ಳಕೆರೆಯಲ್ಲಿ ಡಿಆರ್‌ಡಿಒ ಪರೀಕ್ಷಾ ವಲಯ ಇದೆ, ಗುಬ್ಬಿಯಲ್ಲಿ 2023ರಿಂದ ಎಚ್‌ಎಎಲ್ ಹೆಲಿಕಾಪ್ಟರ್ ಕಾರ್ಖಾನೆ ಇದೆ. ಡಿಜಿಟಲ್ ಸ್ಕೈ ಮ್ಯಾಪ್ ನೋಡಿಯೇ ಹೊರಡಿ.

ಭಾನುವಾರ ಬೆಳಗ್ಗೆ

ರಬ್ಬರ್ ಗುಂಡನ್ನ ಗೂಡಿಗೆ ಕೂರಿಸಿದೆ. ಬಾಕ್ಸ್‌ನಲ್ಲಿ ಬಂದಿದ್ದ ಹೆಚ್ಚುವರಿ ರೆಕ್ಕೆ ಜೋಡಿ ಹಾಕಿದೆ. ಆರೂವರೆಗೆ ಜಾಲಿ ಮರದಿಂದ ದೂರ ನಿಂತು ಹಾರಿಸಿದೆ. ಕೋಡಿ ಹರಿವು ಹಿಂದಿನ ದಿನಕ್ಕಿಂತ ಇಳಿದಿತ್ತು, ಆದರೂ ಹರಿಯುತ್ತಿತ್ತು.

ಟಿವಿಯಲ್ಲಿ ಹಾಕಿದಾಗ ಅಜ್ಜಿ ಈ ಸಲ ಮುಖ ತಿರುಗಿಸಲಿಲ್ಲ. ಕೋಡಿ ದಾಟಿ ಅಚ್ಚುಕಟ್ಟಿನ ಕಡೆ ಡ್ರೋನ್ ತಿರುಗಿದಾಗ "ನಿಲ್ಸು, ನಿಲ್ಸು" ಅಂದರು. ನಿಲ್ಲಿಸಿದೆ. ತೂಬಿನ ಕೆಳಗೆ ಹುಣಸೆ ಮರದ ಪಕ್ಕ ಒಂದು ತುಂಡು ಹೊಲ. "ಅಲ್ಲೇ ಕಣ್ಲಾ ನಾವು ನೆಲ್ಲು ಬೆಳೀತಿದ್ದಿದ್ದು. ನಿಮ್ಮಪ್ಪ ಹುಟ್ಟಿದ ವರ್ಷ." ನಮ್ಮ ಹೊಲದಲ್ಲಿ ನಾನು ಕಂಡದ್ದು ಬರೀ ಶೇಂಗಾ. ಅಲ್ಲಿ ನೆಲ್ಲು ಬೆಳೀತಿದ್ರು ಅನ್ನೋದು ನನಗೆ ಗೊತ್ತಾಗಿದ್ದೇ ಆವತ್ತು.

ಆ ಫ್ರೇಮನ್ನ ಹಾಗೇ ಬಿಟ್ಟು ಅಜ್ಜಿ ಇನ್ನೂ ಅರ್ಧ ಗಂಟೆ ಕತೆ ಹೇಳಿದರು. ಚಿತ್ರ ಅಲುಗುತ್ತಿದ್ದರೆ ಆ ಹೊಲದ ಬದು ಅವರಿಗೆ ಗುರುತೇ ಸಿಗುತ್ತಿರಲಿಲ್ಲ.

ಕಚ್ಚು ಬಿದ್ದ ಆ ರೆಕ್ಕೆ ಈಗಲೂ ನನ್ನ ಆಫೀಸ್ ಡೆಸ್ಕ್ ಮೇಲಿದೆ. ಯಾರಾದರೂ ಬಂದು "ಈ ಮಾಡ್ಯೂಲ್ ಕೆಟ್ಟಿದೆ" ಅಂದರೆ, ಮೊದಲು ಅದನ್ನ ಕೈಗೆ ಕೊಟ್ಟು ಅಂಚಿನ ಮೇಲೆ ಉಗುರು ಎಳೆಯೋಕೆ ಹೇಳ್ತೀನಿ.