ಗುಜರಿಗೆ ಹಾಕುವ ಮುನ್ನ

ಚನ್ನಪಟ್ಟಣದ ನಮ್ಮ ಮನೆಯ ಹಳೆಯ ಡೆಸ್ಕ್‌ಟಾಪ್ ಒಂದು ದಿನ ಆನ್ ಆಗಲೇ ಇಲ್ಲ. ಅಂಗಡಿಯವರು ನೋಡಿ, "ಮದರ್‌ಬೋರ್ಡ್ ಹೋಗಿದೆ, ಹೊಸದು ತಗೊಳ್ಳಿ" ಎಂದರು. ಅಬ್ಬಾ ಗುಜರಿಗೆ ಕೊಡಲು ಹೊರಟರು. ನಾನು ಟ್ಯಾಲಿ ಕಲಿಯುತ್ತಿದ್ದುದು ಅದರಲ್ಲೇ.

ಭಾನುವಾರ ಬೆಂಗಳೂರಿನಿಂದ ಬಂದ ಮಾಮೂ ಕಂಪ್ಯೂಟರ್ ರಿಪೇರಿ ಬಲ್ಲವರು. ಪವರ್ ಸಪ್ಲೈಯ 24 ಪಿನ್ ಕನೆಕ್ಟರನ್ನು ಬೋರ್ಡಿನಿಂದ ಕಳಚಿ, ಒಂದು ಹಳೆಯ ಸಿ.ಡಿ. ಡ್ರೈವ್ ಜೋಡಿಸಿ, ಹಸಿರು ವೈರಿನ ಪಿನ್ನಿಗೂ ಕಪ್ಪು ವೈರಿನ ಪಿನ್ನಿಗೂ ಸಣ್ಣ ತಂತಿ ಸಿಕ್ಕಿಸಿದರು. ಫ್ಯಾನ್ ತಿರುಗಿತು. ನಾನು ಖುಷಿಪಟ್ಟೆ. ಮಾಮೂ ಮಾತ್ರ ಮಲ್ಟಿಮೀಟರ್ ತೆಗೆದರು. ಹಳದಿ ವೈರಿನಲ್ಲಿ 12 ವೋಲ್ಟ್ ಬರಬೇಕು, 11.4ರಿಂದ 12.6ರವರೆಗೆ ಇದ್ದರೆ ಸರಿ. ನಮ್ಮದರಲ್ಲಿ 10.2 ಇತ್ತು. ಬೇರೆ ಪವರ್ ಸಪ್ಲೈ ಹಾಕಿದಾಗ ಕಂಪ್ಯೂಟರ್ ಎದ್ದಿತು.

ಟ್ರಯಲ್ ಬ್ಯಾಲೆನ್ಸ್ ತಾಳೆಯಾದರೂ ಲೆಕ್ಕದಲ್ಲಿ ತಪ್ಪು ಉಳಿದಿರಬಹುದು ಎಂದು ಅಕೌಂಟೆನ್ಸಿಯಲ್ಲಿ ಓದುತ್ತೇವೆ. ಫ್ಯಾನ್ ತಿರುಗುವುದೂ ಹಾಗೆಯೇ. ತಾಳೆಯಾಗದಿದ್ದರೆ ಇಡೀ ಲೆಡ್ಜರನ್ನೇ ಯಾರೂ ಎಸೆಯುವುದಿಲ್ಲ, ತಪ್ಪು ಹುಡುಕುತ್ತಾರೆ.

ನಮ್ಮ ಲ್ಯಾಬಿನ ಮೂಲೆಯಲ್ಲಿ ನಾಲ್ಕು ಕಂಪ್ಯೂಟರ್‌ಗಳು "ಕೆಟ್ಟಿದೆ" ಎಂಬ ಚೀಟಿ ಅಂಟಿಸಿಕೊಂಡು ಕುಳಿತಿವೆ. ಉಳಿದವುಗಳ ಮುಂದೆ ಮೂವರು ಮೂವರು ಕೂರುತ್ತೇವೆ. ಮನೆಯಲ್ಲಿ ಕಂಪ್ಯೂಟರ್ ಇಲ್ಲದವರಿಗೆ ಲ್ಯಾಬೇ ಆಸರೆ. ಆ ನಾಲ್ಕನ್ನೂ ತಿಳಿದವರಿಂದ ಒಮ್ಮೆ ಪರೀಕ್ಷಿಸಿ, ಆಮೇಲೆ ತೀರ್ಮಾನಿಸಬೇಕೆಂದು ಉಪನ್ಯಾಸಕರಲ್ಲಿ ನನ್ನ ವಿನಂತಿ.

ಸ್ನೇಹಿತರೇ, ಪವರ್ ಸಪ್ಲೈಯ ಡಬ್ಬವನ್ನು ಮಾತ್ರ ನೀವಾಗಿ ಬಿಚ್ಚಬೇಡಿ. ಪ್ಲಗ್ ತೆಗೆದ ಮೇಲೂ ಒಳಗಿನ ಕೆಪಾಸಿಟರ್‌ನಲ್ಲಿ ವಿದ್ಯುತ್ ಉಳಿದಿರುತ್ತದೆ, ಪ್ರಾಣಕ್ಕೇ ಅಪಾಯ.