ರಕ್ತದ ವರದಿಯೂ ರಕ್ಷೆಯ ಚುಚ್ಚುಮದ್ದೂ

ಮೈಸೂರಿನ ಬನ್ನಿಮಂಟಪವೆಂದೊಡನೆ ಹೊರಗಿನವರಿಗೆ ನೆನಪಾಗುವುದು ಜಂಬೂಸವಾರಿ ಮತ್ತು ಪಂಜಿನ ಕವಾಯತು. ಆದರೆ 1946ರಲ್ಲಿ ಸ್ಥಾಪನೆಯಾದ ಸಂತ ಫಿಲೋಮಿನಾ ಕಾಲೇಜು ಹಾಗೂ 1984ರಲ್ಲಿ ಆರಂಭಗೊಂಡ ಜೆ.ಎಸ್.ಎಸ್. ವೈದ್ಯಕೀಯ ಕಾಲೇಜುಗಳಿಂದಾಗಿ ಇದು ವಿದ್ಯೆಗೂ ವೈದ್ಯಕ್ಕೂ ಹೆಸರಾದ ನೆಲೆ. ಈಗ ಇಲ್ಲಿಯೂ ಊರಿನ ಇತರ ಬಡಾವಣೆಗಳಲ್ಲಿಯೂ ಚಿಕಿತ್ಸಾಲಯಗಳ ಮುಂದೆ ಎರಡು ಬಗೆಯ ಪ್ರಕಟಣೆಗಳು ಕಣ್ಣಿಗೆ ಬೀಳುತ್ತವೆ. ಒಂದು, ರಿಯಾಯಿತಿ ದರದಲ್ಲಿ ಹತ್ತಾರು ರಕ್ತಪರೀಕ್ಷೆಗಳ 'ಪ್ಯಾಕೇಜ್'. ಮತ್ತೊಂದು, ಸಣ್ಣ ಅಕ್ಷರಗಳಲ್ಲಿ, 'ಲಸಿಕೆ ಹಾಕಲಾಗುವುದು.' ಮೊದಲನೆಯದರತ್ತ ನಮ್ಮ ಕುಟುಂಬಗಳು ಧಾವಿಸುತ್ತಿವೆ, ಎರಡನೆಯದನ್ನು ಮರೆಯುತ್ತಿವೆ. ಈ ವಿಪರ್ಯಾಸವೇ ಇಂದಿನ ನಮ್ಮ ವಿಚಾರ.

ಇತ್ತೀಚೆಗೆ ಭಾನುವಾರದ ಬಲಿಪೂಜೆಯ ಬಳಿಕ ಗೃಹಸ್ಥರೊಬ್ಬರು ಹಲವು ಪುಟಗಳ ಪ್ರಯೋಗಾಲಯ ವರದಿಯನ್ನು ಹಿಡಿದು ನಮ್ಮಲ್ಲಿಗೆ ಬಂದರು. ಎರಡು ಅಂಕಿಗಳ ಪಕ್ಕದಲ್ಲಿ ಕಪ್ಪು ಗುರುತು ಬಿದ್ದಿತ್ತು. ಮೂರು ರಾತ್ರಿ ನಿದ್ರೆಯಿಲ್ಲವೆಂದೂ ತಮಗಾಗಿ ವಿಶೇಷ ಪ್ರಾರ್ಥನೆ ಮಾಡಬೇಕೆಂದೂ ಕೇಳಿಕೊಂಡರು. ಪ್ರಾರ್ಥಿಸಿದೆವು. ಮಾತಿನ ನಡುವೆ, ಮಗುವಿಗೆ ಎರಡನೆಯ ದಡಾರ-ರುಬೆಲ್ಲಾ ಲಸಿಕೆ ಹಾಕಿಸಿದಿರಾ ಎಂದು ವಿಚಾರಿಸಿದೆವು. ಆ ದಂಪತಿಗಳು ಪರಸ್ಪರ ಮುಖ ನೋಡಿಕೊಂಡರು. ಮಗುವಿಗೆ ಮೂರು ವರ್ಷ ತುಂಬಿತ್ತು!

ಮೊದಲು ಆ ಕಪ್ಪು ಗುರುತಿನ ವಿಷಯ. ವರದಿಯಲ್ಲಿ ಮುದ್ರಿತವಾಗಿರುವ 'ಸಾಮಾನ್ಯ ಮಿತಿ' ದೈವಾಜ್ಞೆಯಲ್ಲ. ಅನೇಕ ಪರೀಕ್ಷೆಗಳಲ್ಲಿ ಆರೋಗ್ಯವಂತರ ಗುಂಪೊಂದನ್ನು ಅಳೆದು, ಅವರಲ್ಲಿ ನೂರಕ್ಕೆ 95 ಮಂದಿ ಅಡಕವಾಗುವಂತೆ ಈ ಮಿತಿಯನ್ನು ಗೊತ್ತುಪಡಿಸುತ್ತಾರೆ. ಅಂದರೆ ಉಳಿದ ಐವರು ಆರೋಗ್ಯವಂತರಾಗಿದ್ದೂ ಮಿತಿಯ ಹೊರಗೆ ಬೀಳುತ್ತಾರೆ. ಪರಸ್ಪರ ಸಂಬಂಧವಿಲ್ಲದ ಇಂತಹ 20 ಪರೀಕ್ಷೆಗಳನ್ನು ಒಟ್ಟಿಗೆ ಮಾಡಿಸಿದರೆ, ಯಾವ ರೋಗವೂ ಇಲ್ಲದ ನೂರು ಜನರಲ್ಲಿ ಸುಮಾರು 64 ಮಂದಿಗೆ ಒಂದಾದರೂ ಕಪ್ಪು ಗುರುತು ಬೀಳುವುದು ಲೆಕ್ಕಾಚಾರದ ಸಹಜ ಫಲ. ಪರೀಕ್ಷೆಯೆಂಬುದು ಒಂದು ಪ್ರಶ್ನೆಗೆ ದೊರೆಯುವ ಉತ್ತರ. ಪ್ರಶ್ನೆಯೇ ಇಲ್ಲದೆ ಉತ್ತರಗಳನ್ನು ಕೊಂಡು ತಂದರೆ ಮನೆಗೆ ಬರುವುದು ಜ್ಞಾನವಲ್ಲ, ಗಾಬರಿ.

ವಿಷಮಶೀತಜ್ವರಕ್ಕೆ ಮಾಡುವ ವಿಡಾಲ್ ಪರೀಕ್ಷೆಯನ್ನೇ ನೋಡೋಣ. ಅದು ರೋಗಾಣುವನ್ನು ಕಾಣುವುದಿಲ್ಲ, ರೋಗಾಣುವಿನ ವಿರುದ್ಧ ದೇಹ ಸಿದ್ಧಪಡಿಸಿದ ಪ್ರತಿಕಾಯಗಳನ್ನು ಮಾತ್ರ ಕಾಣುತ್ತದೆ. ಹಿಂದೆಂದೋ ಬಂದ ಜ್ವರದ ಅಥವಾ ಹಾಕಿಸಿಕೊಂಡ ಲಸಿಕೆಯ ಕುರುಹೂ ಅದರಲ್ಲಿ ತೋರಬಹುದು. ಒಂದೇ ವಿಡಾಲ್ ವರದಿಯನ್ನು ನಂಬಿ 'ಟೈಫಾಯ್ಡ್' ಎಂದು ತೀರ್ಮಾನಿಸಿ ಪ್ರತಿಜೈವಿಕ ಔಷಧಗಳನ್ನು ನುಂಗುವವರು ನಮ್ಮಲ್ಲಿ ಕಡಿಮೆಯಿಲ್ಲ. ಔಷಧಕ್ಕೆ ಮುನ್ನ ರಕ್ತದಿಂದ ರೋಗಾಣುವನ್ನು ಬೆಳೆಸಿ ನೋಡುವ ಪರೀಕ್ಷೆಯೇ ಇಲ್ಲಿ ಹೆಚ್ಚು ನಂಬಲರ್ಹ. ಡೆಂಗ್ಯೂವಿನಲ್ಲಿಯೂ ಹಾಗೆಯೇ: ಜ್ವರದ ಮೊದಲ ಐದು ದಿನಗಳಿಗೆ ಒಂದು ಪರೀಕ್ಷೆ ಸೂಕ್ತ, ಅನಂತರದ ದಿನಗಳಿಗೆ ಇನ್ನೊಂದು. ಯಾವುದು ಯಾವಾಗ ಎಂಬುದನ್ನು ವೈದ್ಯರು ನಿರ್ಧರಿಸಬೇಕೇ ಹೊರತು ಜಾಹೀರಾತಲ್ಲ.

ಪರೀಕ್ಷೆಗಳೇ ಬೇಡವೆಂಬುದು ನಮ್ಮ ಅಭಿಪ್ರಾಯವಲ್ಲ. ಸಕ್ಕರೆ ಕಾಯಿಲೆ ಸದ್ದಿಲ್ಲದೆ ಬಂದು ಕಣ್ಣು, ಮೂತ್ರಪಿಂಡಗಳನ್ನು ಕೆಡಿಸುತ್ತದೆ. ಸುಮಾರು ಮೂರು ತಿಂಗಳ ಸರಾಸರಿಯನ್ನು ತಿಳಿಸುವ ಎಚ್‌ಬಿಎ1ಸಿ ಪರೀಕ್ಷೆ ಅದನ್ನು ಬಯಲಿಗೆಳೆಯುತ್ತದೆ. ಶೇಕಡಾ 6.5 ಅಥವಾ ಅದಕ್ಕಿಂತ ಹೆಚ್ಚಿದ್ದರೆ ಮಧುಮೇಹವೆಂದು ಗಣನೆ. ಆದರೆ ರೋಗಲಕ್ಷಣಗಳಿಲ್ಲದವರಲ್ಲಿ ಅದನ್ನೂ ಇನ್ನೊಂದು ಪರೀಕ್ಷೆಯಿಂದ ಖಚಿತಪಡಿಸಿಕೊಳ್ಳಬೇಕು. ಯಾಜಕಕಾಂಡದ 13ನೆಯ ಅಧ್ಯಾಯವನ್ನು ಓದಿದವರಿಗೆ ಇದು ಹೊಸತಲ್ಲ. ಚರ್ಮದ ಮೇಲಿನ ಮಚ್ಚೆ ಸಂದೇಹಾಸ್ಪದವಾಗಿದ್ದಾಗ ಯಾಜಕನು ಒಡನೆಯೇ ತೀರ್ಪು ನೀಡುವುದಿಲ್ಲ; ಏಳು ದಿನ ಕಾದು ಮತ್ತೆ ನೋಡುತ್ತಾನೆ, ಅಗತ್ಯವಿದ್ದರೆ ಮತ್ತೂ ಏಳು ದಿನ. ಒಂದೇ ನೋಟದಿಂದ ಮನುಷ್ಯನನ್ನು ಅಳೆಯಬಾರದೆಂಬ ವಿವೇಕ ಅಷ್ಟು ಪ್ರಾಚೀನ.

ಇನ್ನು ಲಸಿಕೆಯ ವಿಷಯ. ಈ ಊರಿಗೆ ಲಸಿಕೆ ಹೊಸ ಅತಿಥಿಯಲ್ಲ. ಥಾಮಸ್ ಹಿಕಿ ಎಂಬ ಚಿತ್ರಕಾರ 1805ರ ಸುಮಾರಿಗೆ ಬಿಡಿಸಿದ ಚಿತ್ರವೊಂದರಲ್ಲಿ ಮೂವರು ಸ್ತ್ರೀಯರಿದ್ದಾರೆ. ಅವರು ಮೈಸೂರು ಅರಮನೆಯವರೆಂದೂ, ಅವರಲ್ಲೊಬ್ಬರು ಮುಮ್ಮಡಿ ಕೃಷ್ಣರಾಜ ಒಡೆಯರ ರಾಣಿ ದೇವಾಜಮ್ಮಣ್ಣಿಯೆಂದೂ, ಸೀರೆಯ ಸೆರಗು ಸರಿಸಿ ಸಿಡುಬಿನ ಲಸಿಕೆ ಪಡೆದ ತೋಳನ್ನು ತೋರುತ್ತಿದ್ದಾರೆಂದೂ ಇತಿಹಾಸಕಾರರು ವಾದಿಸಿದ್ದಾರೆ. ಎಡ್ವರ್ಡ್ ಜೆನ್ನರ್ ಇಂಗ್ಲೆಂಡಿನಲ್ಲಿ ಮೊದಲ ಪ್ರಯೋಗ ನಡೆಸಿದ್ದು 1796ರಲ್ಲಿ. ಹತ್ತೇ ವರ್ಷಗಳೊಳಗೆ, ಪರದೇಶದ ಮದ್ದೆಂದು ಜನ ಹೆದರುತ್ತಿದ್ದ ಕಾಲದಲ್ಲಿ, ರಾಜಮನೆತನದ ಹೆಣ್ಣುಮಗಳು ಮುಂದೆ ಬಂದಳೆಂಬುದು ಸಾಮಾನ್ಯ ಸಂಗತಿಯಲ್ಲ. 1980ರಲ್ಲಿ ಸಿಡುಬು ಭೂಮಿಯಿಂದಲೇ ನಿರ್ಮೂಲವಾಯಿತೆಂದು ವಿಶ್ವ ಆರೋಗ್ಯ ಸಂಸ್ಥೆ ಘೋಷಿಸಿತು. 2014ರಲ್ಲಿ ನಮ್ಮ ದೇಶ ಪೋಲಿಯೋಮುಕ್ತವೆಂಬ ಮನ್ನಣೆ ಪಡೆಯಿತು.

ಹೀಗಿದ್ದೂ ಶಂಕೆ ತೀರಿಲ್ಲ. 2017ರ ಫೆಬ್ರವರಿಯಲ್ಲಿ 9 ತಿಂಗಳಿಂದ 15 ವರ್ಷದವರೆಗಿನ ಮಕ್ಕಳಿಗೆ ದಡಾರ-ರುಬೆಲ್ಲಾ ಲಸಿಕೆ ನೀಡುವ ಅಭಿಯಾನ ಕರ್ನಾಟಕದಲ್ಲಿ ನಡೆದಾಗ ಮೊಬೈಲ್ ಫೋನುಗಳಲ್ಲಿ ಹರಿದಾಡಿದ ವದಂತಿಗಳು ಅನೇಕ ಪೋಷಕರನ್ನು ಬೆದರಿಸಿದವು. ವಾಸ್ತವದಲ್ಲಿ ಗರ್ಭಿಣಿಗೆ ತಗುಲಿದ ರುಬೆಲ್ಲಾ, ಹುಟ್ಟುವ ಮಗುವಿನ ಕಣ್ಣು, ಕಿವಿ, ಹೃದಯಗಳಿಗೆ ಊನ ತರಬಲ್ಲದು. ದಡಾರವು ಎಷ್ಟು ಬೇಗ ಹರಡುತ್ತದೆಂದರೆ, ಅದನ್ನು ತಡೆಯಲು ನೂರಕ್ಕೆ ಸುಮಾರು 95 ಮಂದಿ ರಕ್ಷಿತರಾಗಿರಬೇಕು. 2022ರಲ್ಲಿ ಮುಂಬಯಿಯಲ್ಲಿ ದಡಾರ ಮರುಕಳಿಸಿ ಮಕ್ಕಳನ್ನು ಬಲಿ ತೆಗೆದುಕೊಂಡದ್ದನ್ನು ನಾವು ಮರೆಯಲಾಗದು.

ಕೆಲವು ಲಸಿಕೆಗಳ ತಯಾರಿಕೆಯಲ್ಲಿ, ದಶಕಗಳ ಹಿಂದೆ ಗರ್ಭಪಾತಕ್ಕೊಳಗಾದ ಭ್ರೂಣಗಳಿಂದ ಪಡೆದ ಜೀವಕೋಶಗಳ ಸಂತತಿ ಬಳಕೆಯಾಗಿದೆ, ಕಥೋಲಿಕರು ಅವನ್ನು ಸ್ವೀಕರಿಸಬಹುದೇ ಎಂದು ಕೆಲವು ಭಕ್ತರು ಕೇಳುತ್ತಾರೆ. ಪ್ರಶ್ನೆ ಗಂಭೀರವಾದುದು, ಕೇಳುವವರನ್ನು ಹಗುರವಾಗಿ ಕಾಣಲಾಗದು. 2020ರ ಡಿಸೆಂಬರ್ 21ರಂದು ಪ್ರಕಟವಾದ ವ್ಯಾಟಿಕನ್ನಿನ ಟಿಪ್ಪಣಿ ಕೋವಿಡ್ ಲಸಿಕೆಗಳ ಕುರಿತು ಇದಕ್ಕೆ ಉತ್ತರಿಸಿತು. ದೋಷರಹಿತವಾದ ಬೇರೆ ಲಸಿಕೆ ದೊರೆಯದಿದ್ದಾಗ ಇವನ್ನು ಸ್ವೀಕರಿಸುವುದು ನೈತಿಕವಾಗಿ ಒಪ್ಪಿತ, ಏಕೆಂದರೆ ಪಡೆಯುವವನಿಗೂ ಆ ಹಳೆಯ ಪಾಪಕ್ಕೂ ಇರುವ ಸಂಬಂಧ ಅತಿ ದೂರದ್ದು. ಆದರೆ ಇದು ಗರ್ಭಪಾತಕ್ಕೆ ನೀಡಿದ ಸಮ್ಮತಿಯಲ್ಲ. ನಿರ್ದೋಷ ಲಸಿಕೆಗಳಿಗಾಗಿ ಒತ್ತಾಯಿಸುವ ಹೊಣೆ ಉಳಿದೇ ಇದೆ. ಲಸಿಕೆ ಸ್ವಯಂಪ್ರೇರಿತವಾಗಿರಬೇಕು, ಅಂತಃಸಾಕ್ಷಿಯ ನಿಮಿತ್ತ ನಿರಾಕರಿಸುವವರು ಇತರರಿಗೆ ಸೋಂಕು ಹರಡದಂತೆ ಎಲ್ಲ ಬಗೆಯಲ್ಲೂ ಎಚ್ಚರ ವಹಿಸಬೇಕು. ರುಬೆಲ್ಲಾ ಲಸಿಕೆಯನ್ನು ಕುರಿತು 2005ರಲ್ಲಿಯೇ ಜೀವಪರ ಪೊಂಟಿಫಿಕಲ್ ಅಕಾಡೆಮಿ ವಿವೇಚಿಸಿತ್ತು. ಗರ್ಭದಲ್ಲಿರುವ ಶಿಶುವನ್ನೇ ಕಾಯುವ ಲಸಿಕೆಯನ್ನು ಜೀವರಕ್ಷಣೆಯ ಹೆಸರಿನಲ್ಲಿ ನಿರಾಕರಿಸುವ ಮುನ್ನ ಎರಡು ಸಲ ಯೋಚಿಸಬೇಕು.

ನಮ್ಮ ಅಂತಃಸಾಕ್ಷಿ ನಿಜಕ್ಕೂ ಎಚ್ಚೆತ್ತುಕೊಳ್ಳಬೇಕಾದದ್ದು ಬೇರೊಂದೆಡೆ. ಭ್ರೂಣಲಿಂಗ ಪತ್ತೆಯ ದುರ್ಬಳಕೆಯನ್ನು ನಿಷೇಧಿಸುವ ಕಾಯಿದೆ 1994ರಲ್ಲಿಯೇ ಬಂದಿದೆ. ಆದರೂ 2023ರಲ್ಲಿ ಮಂಡ್ಯ ಜಿಲ್ಲೆಯ ಆಲೆಮನೆಯೊಂದರಲ್ಲಿ ಸ್ಕ್ಯಾನಿಂಗ್ ಯಂತ್ರವಿರಿಸಿ ಹೆಣ್ಣು ಭ್ರೂಣಗಳನ್ನು ಪತ್ತೆ ಹಚ್ಚುತ್ತಿದ್ದ ಜಾಲ ಬಯಲಾಯಿತು. ತನಿಖೆ ಮೈಸೂರಿನವರೆಗೂ ಬಂದಿತು. ಯಂತ್ರ ಅದೇ, ಪರೀಕ್ಷೆ ಅದೇ. ಒಂದೆಡೆ ಅದು ಮಗುವಿನ ಹೃದಯಬಡಿತವನ್ನು ತಾಯಿಗೆ ಕೇಳಿಸುತ್ತದೆ, ಇನ್ನೊಂದೆಡೆ ಆ ಬಡಿತವನ್ನು ನಿಲ್ಲಿಸಲು ದಾರಿ ತೋರಿಸುತ್ತದೆ. ವ್ಯತ್ಯಾಸವಿರುವುದು ಅದನ್ನು ಬಳಸುವ ಸಂಕಲ್ಪದಲ್ಲಿ.

ಆದುದರಿಂದ ಪೋಷಕರಲ್ಲಿ ನಮ್ಮ ವಿನಂತಿ ಇಷ್ಟೇ. ಯಾವ ಪರೀಕ್ಷೆಗೂ ಮುನ್ನ ವೈದ್ಯರನ್ನು ಕೇಳಿರಿ: ಇದು ಯಾವ ಸಂದೇಹ ನಿವಾರಣೆಗಾಗಿ? ಫಲಿತಾಂಶ ಬಂದ ಬಳಿಕ ಚಿಕಿತ್ಸೆ ಬದಲಾಗುವುದೇ? ಮನೆಯಲ್ಲಿರುವ ತಾಯಿ ಕಾರ್ಡನ್ನು ಇಂದೇ ತೆಗೆದು ನೋಡಿರಿ. ಹುಟ್ಟಿದಾಗ, 6, 10 ಮತ್ತು 14ನೆಯ ವಾರಗಳಲ್ಲಿ, 9 ತಿಂಗಳು ತುಂಬಿದಾಗ, 16ರಿಂದ 24 ತಿಂಗಳೊಳಗೆ, 5-6ನೆಯ ವರ್ಷದಲ್ಲಿ, ಮತ್ತೆ 10 ಹಾಗೂ 16ನೆಯ ವರ್ಷಗಳಲ್ಲಿ ನೀಡುವ ಲಸಿಕೆಗಳು ಸರ್ಕಾರಿ ಆರೋಗ್ಯ ಕೇಂದ್ರಗಳಲ್ಲಿ ಉಚಿತ. ತಪ್ಪಿದ್ದರೆ ನಾಚಿಕೆ ಬೇಡ. ಹೆಚ್ಚಿನವನ್ನು ತಡವಾಗಿಯಾದರೂ ಹಾಕಿಸಬಹುದು.

ಪಾಂಡವರು ತಮ್ಮ ಆಯುಧಗಳನ್ನು ಬನ್ನಿ ಮರದಲ್ಲಿ ಅಡಗಿಸಿಟ್ಟು, ಸಮಯ ಬಂದಾಗ ಇಳಿಸಿಕೊಂಡರೆಂಬ ಕಥೆ ಈ ನಾಡಿನ ಮಕ್ಕಳಿಗೆಲ್ಲ ಗೊತ್ತು. ಲಸಿಕೆಯೂ ಅಂಥದೇ: ಶತ್ರು ಬರುವ ಮುನ್ನ ಮಗುವಿನ ದೇಹದಲ್ಲಿ ಆಯುಧವಿರಿಸುವ ಕೆಲಸ. ಆ ಆಯುಧ ನೆರೆಮನೆಯ ಎಳೆಗೂಸನ್ನೂ ಕಾಯುತ್ತದೆ. ನಿನ್ನ ನೆರೆಯವನನ್ನು ಪ್ರೀತಿಸು ಎಂಬ ಪ್ರಭುವಿನ ಆಜ್ಞೆಯನ್ನು ಪಾಲಿಸಲು ಇದಕ್ಕಿಂತ ಸುಲಭವಾದ ಅವಕಾಶ ಅಪರೂಪ. ಆ ದಂಪತಿಗಳು ಮರುವಾರವೇ ಮಗುವನ್ನು ಆರೋಗ್ಯ ಕೇಂದ್ರಕ್ಕೆ ಕರೆದೊಯ್ದರೆಂದು ತಿಳಿಸಲು ನಮಗೆ ಸಂತೋಷವಾಗುತ್ತದೆ. ಕಪ್ಪು ಗುರುತಿನ ಎರಡು ಅಂಕಿಗಳು ಮರುಪರೀಕ್ಷೆಯಲ್ಲಿ ಸಾಮಾನ್ಯವಾಗಿಯೇ ಇದ್ದವು.